ಹೊಲಿಗೆ ಬಿಚ್ಚಿದ ಚಿತ್ರ

ಆಗ ನನಗೆ ಐವತ್ತೆಂಟು. ಈಗ್ಗೆ ಹನ್ನೆರಡು ವರ್ಷದ ಹಿಂದಿನ ಮಾತು. ಆದೋನಿಯ ಚನ್ನಬಸಣ್ಣನ ಗೋದಾಮಿನಲ್ಲಿ ಅರಳೆಯೊಳಗಿನ ಎಲೆಚೂರು, ಕಸ ಆರಿಸುವುದು ನನ್ನ ಕೆಲಸ. ಅವನ ತಂಗಿ ಗಿರಿಜಮ್ಮ ಹಿಂದಕ್ಕೆ ನಡೆಯುವ ಹೆಂಗಸು. ಪಕ್ಕದ ಖೋಲಿಯಲ್ಲಿ ಚಿತ್ರ ಮಾಡುತ್ತಿದ್ದಳು. ಒಂದು ಸಲ ಬಣ್ಣ ಬಳಿದರೆ ಅದನ್ನು ದೂರದಿಂದ ನೋಡಬೇಕು. ಅದಕ್ಕೆ ಹಿಂದೆ ಹಿಂದೆ ಸರಿಯುತ್ತ ಬಾಗಿಲು ದಾಟಿ, ಹೊಸ್ತಿಲು ಎಡವಿ, ನಾನು ಆರಿಸಿಟ್ಟ ಅರಳೆ ಗುಡ್ಡೆಯ ಮೇಲೆ ಅಂಗಾತ ಬೀಳುತ್ತಿದ್ದಳು. ಬಿದ್ದಲ್ಲಿಂದಲೂ ಚಿತ್ರವನ್ನೇ ನೋಡುತ್ತಿದ್ದಳು.

"ಏಳು ತಾಯಿ, ಅರಳಿಗೆ ಬಣ್ಣ ಹತ್ತೈತಿ" ಅನ್ನುತ್ತಿದ್ದೆ.

"ತಡಿ ಹನುಮಕ್ಕ. ಇಲ್ಲಿಂದ ಚಲೋ ಕಾಣ್ತೈತಿ."

ಚಿತ್ರ ಅಂದರೆ ನೀವು ತಿಳಿದ ಚಿತ್ರವಲ್ಲ. ಹಳೆಯ ಬಾಗಿಲಿಗೆ ಗೋಣಿತಟ್ಟು ಬಿಗಿದು, ಅದರ ಮೇಲೆ ಕೆಂಪು ಮಣ್ಣು, ಎರೆಮಣ್ಣು, ದೀಪದ ಕಾಡಿಗೆ, ಸುಣ್ಣ, ಅರಿಸಿನ ಬಳಿಯುತ್ತಿದ್ದಳು. ಸುಟ್ಟ ಕಾಗದ ಅಂಟಿಸುತ್ತಿದ್ದಳು. ಗೋಣಿಯನ್ನು ಚೀಲದ ಹಾಗೆ ಮಡಚಿ, ಒಳಗೆ ಅರಳೆ ತುಂಬಿ, ದಬ್ಬಣದಿಂದ ಹೊಲಿಯುತ್ತಿದ್ದಳು. ದೇವರಿಲ್ಲ, ಮನುಷ್ಯರಿಲ್ಲ, ಒಂದು ಗಿಡವೂ ಇಲ್ಲ. ನನಗಂತೂ ಮಳೆಗಾಲದಲ್ಲಿ ದನ ತುಳಿದ ಅಂಗಳ ಕಾಣುತ್ತಿತ್ತು. ಹಾಗೇ ಹೇಳಿದೆ ಕೂಡ. ಆಕೆಗೆ ಬೇಜಾರಾಗಲಿಲ್ಲ. "ಅಂಗಳನಾರ ಕಂಡಿತಲ್ಲ" ಅಂದಳು.

"ಏನು ಮಾಡ್ಬೇಕಂತ ಮೊದಲ ಯೋಚನಿ ಮಾಡಿಕೊಂಡು ಕುಂದರಬಾರದೇನು?"

"ಮೊದಲ ಗೊತ್ತಿದ್ರ ಮಾಡೋದ್ಯಾಕ? ಕೈ ಮುಂದ ಹೋಗ್ತೈತಿ ಹನುಮಕ್ಕ, ನಾ ಹಿಂದ ಹೋಗ್ತೀನಿ. ಸಿಟ್ಟು ಬಂದ್ರ ಸಿಟ್ಟೇ ಬಳೀತೀನಿ. ಮರುದಿನ ನೋಡಿದ್ರ ಸಿಟ್ಟು ಹೋಗಿರ್ತೈತಿ, ಕೆಂಪು ಉಳದಿರ್ತೈತಿ."

ಆಕೆಯನ್ನು ಬಳ್ಳಾರಿಯ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದ ಮೇಲೆ ತವರಿಗೆ ಬಂದಳು. ಅತ್ತಿದ್ದನ್ನು ನಾನು ಕಾಣೆ. ಒಂದು ದಿನ ಮದುವೆಯ ರೇಷ್ಮೆ ಸೀರೆ ತಂದು, ಅದರ ಅಂಚನ್ನು ಪರ್ ಅಂತ ಹರಿದು, ಮೈದಾ ಅಂಟು ಬಳಿದು ಗೋಣಿಗೆ ಮೆತ್ತಿದಳು. ಅಣ್ಣನ ಹೆಂಡತಿ ಎದೆ ಹಿಡಿದುಕೊಂಡು ಓಡಿ ಬಂದಳು.

"ಅಯ್ಯೋ, ಜರಿ ಸೀರಿ ಹರದಾಳಲ್ರೀ ಈಕಿ!"

"ಉಟ್ಟಾಗ ಯಾರೂ ನೋಡ್ಲಿಲ್ಲ ವೈನಿ. ಈಗಾರ ನೋಡ್ಲಿ" ಅಂದಳು ಗಿರಿಜಮ್ಮ, ಬೆರಳಿನ ಅಂಟು ನೆಕ್ಕುತ್ತ.

ಆ ವಾರದಲ್ಲೇ ಇಲಿಗಳು ಅಂಟಿನ ಆಸೆಗೆ ಅಂಚಿನ ಒಂದು ಮೂಲೆ ತಿಂದವು. ನಾನು ಇಲಿಗಳನ್ನು ಬೈದೆ. ಆಕೆ ಹಿಂದೆ ಸರಿದು ನೋಡಿ, "ಅಷ್ಟು ಹೆಚ್ಚಾಗಿತ್ತು, ತಿಂದದ್ದು ಚಲೋ ಆತು" ಅಂದಳು. ಇಂಥವಳಿಗೆ ಏನು ಹೇಳುತ್ತೀರಿ?

ಆ ವರ್ಷ ಹತ್ತಿ ಚೆನ್ನಾಗಿ ಬಂದಿತ್ತು. ಚನ್ನಬಸಣ್ಣನಿಗೆ ಜಾಗ ಸಾಲದು. ತಂಗಿಯನ್ನು ಹೊರಗೆ ಹಾಕಿದ ಅನ್ನಿಸಿಕೊಳ್ಳಲು ಮನಸ್ಸಿಲ್ಲ, ಖೋಲಿ ಬಿಡಲೂ ಮನಸ್ಸಿಲ್ಲ. ಒಂದು ಉಪಾಯ ಹುಡುಕಿದ.

"ಆಯುಧಪೂಜಿಗೆ ಸಾವ್ಕಾರ್ರೆಲ್ಲ ಬರ್ತಾರ. ಅವರ ಮುಂದ ಇಡು. ಒಬ್ಬರಾರ ಒಂದು ಮನಿಗೆ ಒಯ್ದ್ರ ಖೋಲಿ ನಿಂದು, ನಾ ಮತ್ತ ಬಾಯಿ ತೆಗ್ಯಂಗಿಲ್ಲ. ಯಾರೂ ಒಯ್ಲಿಲ್ಲ ಅಂದ್ರ ಅರಳಿ ತುಂಬಸ್ತೀನಿ."

ಯಾರೂ ಕೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆಕೆ ಮಾತ್ರ ಹೂಂ ಅಂದಳು. ಆ ಖೋಲಿ ಬಿಟ್ಟರೆ ಆಕೆಗೆ ತನ್ನದು ಅನ್ನುವ ಜಾಗ ಈ ಊರಲ್ಲಿ ಇರಲಿಲ್ಲ.

ಪೂಜೆಯ ದಿನ ತಕ್ಕಡಿಗೆ ಹೂವಿನ ಹಾರ, ಬಾಗಿಲಿಗೆ ಬೂದುಗುಂಬಳ. ಚಿತ್ರಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದೆವು. ನಡುವೆ ಎಲ್ಲಕ್ಕಿಂತ ದೊಡ್ಡದು, ಮಳೆಗಾಲವಿಡೀ ಆಕೆ ಜಗಳಾಡಿದ್ದು. "ಇದು ಉಸಿರು ಬಿಡವಲ್ದು" ಅನ್ನುತ್ತ ಬಳಿದಿದ್ದಳು, ಕೆರೆದಿದ್ದಳು, ಮತ್ತೆ ಬಳಿದಿದ್ದಳು. ಅದರ ಮಧ್ಯದಲ್ಲಿ ಅರಳೆ ತುಂಬಿ ಹೊಲಿದ ಉದ್ದನೆಯ ಗೋಣಿ, ಬಾಣಂತಿಯ ಹೊಟ್ಟೆ ಕಟ್ಟಿದಷ್ಟು ಬಿಗಿ.

ಸಾವ್ಕಾರರು ಬಂದರು. ವಿಭೂತಿ ಹಣೆ, ಇಸ್ತ್ರಿ ಅಂಗಿ. "ಏಮಿಟಮ್ಮಾ ಇದಿ?" ಎಂದು ಒಬ್ಬ ತೆಲುಗಿನಲ್ಲಿ ಕೇಳಿದ. ಗಿರಿಜಮ್ಮ "ಏನೂ ಅಲ್ರೀ" ಅಂದಳು. ಅಲ್ಲಿಗೆ ಕಲೆಯ ಮಾತು ಮುಗಿಯಿತು. ಆದರೆ ಅರಳೆ ಕಂಡಿತಲ್ಲ, ಅವರ ಕೈ ಸುಮ್ಮನಿರಲಿಲ್ಲ. ಒಬ್ಬ ಒಂದು ಚಿತ್ರದಿಂದ ಎಳೆ ಕಿತ್ತು, ಎರಡು ಹೆಬ್ಬೆರಳ ನಡುವೆ ಹಿಂಜಿ ಎಳೆಯ ಉದ್ದ ನೋಡಿದ. ಇನ್ನೊಬ್ಬ ಇನ್ನೊಂದರಿಂದ ಕಿತ್ತು ಊದಿದ. ದಿನವಿಡೀ ಅದನ್ನೇ ಮಾಡುವ ಮಂದಿ, ತಪ್ಪೆಂದು ಅವರಿಗೆ ಅನ್ನಿಸಲೇ ಇಲ್ಲ. ಎಲ್ಲರಿಗಿಂತ ಹಿರಿಯ ಮಲ್ಲಪ್ಪ ಸಾವ್ಕಾರ ದೊಡ್ಡ ಚಿತ್ರದ ಮುಂದೆ ನಿಂತು ಗೋಣಿ ಅಮುಕಿದ.

"ಮ್ಯಾಲ ಚಲೋದು ಹಾಕಿ ಒಳಗ ಕಸ ತುಂಬಿರ್ತಾರ" ಎನ್ನುತ್ತ ದಾರ ಹಿಡಿದು ಸರ್‍ರನೆ ಎಳೆದ. ಹೊಲಿಗೆ ಬಿಚ್ಚಿತು. ಅರಳೆ ಹೊರಬಿದ್ದು ಕೆಂಪು ಮಣ್ಣಿನ ಮೇಲೆ ಜೋತಾಡಿತು.

ನಮ್ಮ ಪೇಟೆಯಲ್ಲಿ ಒಂದು ಕಟ್ಟಳೆ. ಮೇಲಿಂದ ಎಷ್ಟು ಬೇಕಾದರೂ ಕಿತ್ತು ನೋಡಬಹುದು. ಮೂಟೆಯ ಹೊಲಿಗೆ ಬಿಚ್ಚಿದವನು ಮಾಲು ಬೇಡ ಅನ್ನುವಂತಿಲ್ಲ. ಉಳಿದವರು ಕೇಕೆ ಹಾಕಿದರು.

"ಸಾವ್ಕಾರ್ರ, ಹೊಲಿಗಿ ಬಿಚ್ಚಿದ್ರಿ! ಮಾಲು ನಿಮ್ಮದಾತು!"

ಮುದುಕ ಕೈಯಲ್ಲಿದ್ದ ದಾರ ನೋಡಿದ, ನೆರೆದವರನ್ನು ನೋಡಿದ. ಮಾತಿಗೆ ತಪ್ಪುವ ಮನೆತನವಲ್ಲ. "ಆತ್ರೀ, ಒಯ್ತೀನಿ. ಅಂಗಡ್ಯಾಗ ನಾ ಕುಂದ್ರೋ ಗಾದಿ ಹಿಂದ ಹಾಕ್ತೀನಿ" ಅಂದ. ಚನ್ನಬಸಣ್ಣನ ಮುಖ ಜೋತುಬಿತ್ತು. ನನಗೆ ಕುಣಿಯುವಷ್ಟು ಖುಷಿ. ಖೋಲಿ ಉಳಿಯಿತು!

ಗಿರಿಜಮ್ಮ ಹಿಂದಕ್ಕೆ ಸರಿಯುತ್ತಿದ್ದಳು. ತಕ್ಕಡಿಗೆ ಬೆನ್ನು ತಾಗಿ ನಿಂತಳು. ಬಹಳ ಹೊತ್ತು ನೋಡಿದಳು.

"ಈಗ ಉಸಿರು ಬಿಟ್ಟಿತು" ಅಂದಳು. ಆಮೇಲೆ, "ಇದನ್ನ ಕೊಡಂಗಿಲ್ರೀ. ಬ್ಯಾರೆ ಯಾವುದಾರ ಒಯ್ರಿ."

"ನಾ ಬಿಚ್ಚಿದ್ದು ಇದು. ಬ್ಯಾರೆ ನನಗ್ಯಾಕಮ್ಮ?" ಅಂದ ಮುದುಕ. ಅವನ ದನಿಯಲ್ಲಿ ಬಿಡುಗಡೆಯಾದ ಸಂತೋಷವಿತ್ತು.

ಅವಳನ್ನು ಮೂಲೆಗೆ ಎಳೆದೆ. "ಹುಚ್ಚಿ ಅದೀಯೇನು? ಕೊಟ್ಟು ಖೋಲಿ ಉಳಿಸ್ಕೋ. ಇಂಥಾದ್ದ ಇನ್ನೊಂದು ಮಾಡ್ಕೊಳ್ಳಾಕ ಬರಂಗಿಲ್ಲೇನು?"

"ಬರಂಗಿಲ್ಲ. ಇದನ್ನ ನಾನೊಬ್ಬಾಕೀನ ಮಾಡಿಲ್ಲ."

"ಮತ್ತ ಸಾವ್ಕಾರ ಮಾಡ್ಯಾನೇನು?"

"ಅರ್ಧ."

"ಹಂಗಾರ ಅರ್ಧ ಅವಂದು. ಕೊಡು!"

ಆಕೆ ಜೋರಾಗಿ ನಕ್ಕಳು. ಪೂಜೆಗೆ ಬಂದವರೆಲ್ಲ ತಿರುಗಿ ನೋಡಿದರು. ಅಣ್ಣನ ಕಡೆ ತಿರುಗಿ, "ಖೋಲಿ ತಗೋ ಅಣ್ಣ" ಅಂದಳು. ಅವನು "ನಿನ್ನ ಮರ್ಜಿ" ಅಂದ. ಅಷ್ಟರಲ್ಲಿ ಪ್ರಸಾದದ ಮಂಡಾಳು, ಬೆಲ್ಲ ಹಂಚಲು ಶುರುಮಾಡಿದ್ದರು.

ಹಾಲಹರವಿಯಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು, ಹಿಂದೆ ದನವಿಲ್ಲದ ಕೊಟ್ಟಿಗೆ. ಅಲ್ಲಿಗೆ ಹೊರಟಳು. ಟೆಂಪೋದಲ್ಲಿ ದೊಡ್ಡ ಚಿತ್ರವನ್ನು ನಿಲ್ಲಿಸಿ, ಅದಕ್ಕೆ ಗಾಳಿ ತಾಗದ ಹಾಗೆ ತಾನು ಅಡ್ಡ ಕೂತಳು.

"ನೀನೂ ಬಾ ಹನುಮಕ್ಕ."

"ಅಲ್ಲಿ ನನಗೇನು ಕೆಲಸ? ಬಣ್ಣದಾಗಿನ ಕಸ ಆರಿಸ್ಲೇನು?"

"ಬೈಯಾಕ ಒಬ್ಬರು ಬೇಕಲ್ಲ."

"ಬೈಯಾಕ ಬಸ್ ಹತ್ತಿ ಬರ್ಬೇಕೇನು? ನಡಿ ನಡಿ, ಬಿಸಲಾತು" ಅಂದೆ. ಟೆಂಪೋ ಹೋಯಿತು. ಆಮೇಲೆ ಆಕೆಯನ್ನು ನಾನು ನೋಡಿಲ್ಲ. ಈಗ ಹೈದರಾಬಾದಿನಿಂದ ಕಾರಿನಲ್ಲಿ ಮಂದಿ ಆ ಕೊಟ್ಟಿಗೆ ಹುಡುಕಿಕೊಂಡು ಬರುತ್ತಾರಂತೆ. ಚನ್ನಬಸಣ್ಣ ಗಿರಾಕಿಗಳಿಗೆಲ್ಲ "ನಮ್ಮ ತಂಗಿ, ಇದೇ ಖೋಲಿಯಾಗ ಕಲ್ತಾಕಿ" ಎಂದು ತೋರಿಸುತ್ತಾನಂತೆ. ತೋರಿಸಲಿ.

ಟೆಂಪೋ ಹೋದ ದಿನವೇ ಸಂಜೆಯೊಳಗೆ ಆ ಖೋಲಿಗೆ ಸೂರಿನ ತನಕ ಅರಳೆ ತುಂಬಿದರು. ಮರುದಿನ ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಂಡು ರಸ್ತೆಯಾಚೆಯ ಗೋದಾಮಿಗೆ ಹೋಗಿ ಕೆಲಸ ಕೇಳಿದೆ. "ಚನ್ನಬಸಣ್ಣನ ಕಡೆ ಯಾಕ ಬಿಟ್ಟಿ?" ಅಂದರು. "ಅಲ್ಲಿ ಗಾಳಿ ಆಡಂಗಿಲ್ಲ" ಅಂದು, ಜಾಗ ನೋಡಿ ಕೂತು, ಕಸ ಆರಿಸಲು ಶುರುಮಾಡಿದೆ.