ಒಂದೇ ಚುಕ್ಕೆಯ ಕಣ್ಣುಗಳು

ಕೃತಕ ಕಣ್ಣು ಮಾಡುವವರ ಪಾಲಿಗೆ ಪರಮ ಯಶಸ್ಸೆಂದರೆ ತಮ್ಮ ಕೆಲಸ ಯಾರ ಗಮನಕ್ಕೂ ಬಾರದಿರುವುದು. ನಮ್ಮ ಕಣ್ಣಾಸ್ಪತ್ರೆಯ ಹಿಂಬದಿಯ ಕಾರ್ಯಾಗಾರದಲ್ಲಿ ಒಂದು ಜೀವಮಾನವನ್ನೇ ಕಳೆದು ಈಗ ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದ ‘ಕಣ್ಣು ಮೇಷ್ಟ್ರು’ ಎಂದು ಕರೆಯುವ ಹಿರಿಯರು ಆ ಯಶಸ್ಸನ್ನು ಎಷ್ಟು ಪೂರ್ಣವಾಗಿ ಸಾಧಿಸಿದ್ದರೆಂದರೆ, ಒಮ್ಮೆ ನಮ್ಮ ಮುಖ್ಯ ವೈದ್ಯರೇ ಅವರು ಮಾಡಿದ ಕಣ್ಣಿಗೆ ಟಾರ್ಚು ಹಿಡಿದು, “ಪಾಪೆ ಯಾಕೋ ಕುಗ್ತಾನೇ ಇಲ್ವಲ್ಲ” ಎಂದು ಗಾಬರಿಯಾಗಿದ್ದರು. ಆ ವೈದ್ಯರು ಮೇಷ್ಟ್ರ ಈ ಅಭಿನಂದನಾ ಸಂಪುಟದ ಸಂಪಾದಕ ಮಂಡಳಿಯಲ್ಲಿದ್ದಾರೆ. ಈ ವಾಕ್ಯ ಉಳಿದರೆ ಅದು ಅವರ ದೊಡ್ಡತನ.

ಮೇಷ್ಟ್ರು ಈ ಕಸುಬಿಗೆ ಬಂದದ್ದು ತಂಗಿಗಾಗಿ. ಬಾಲ್ಯದ ಕಾಯಿಲೆಯಲ್ಲಿ ಒಂದು ಕಣ್ಣು ಕಳೆದುಕೊಂಡ ಆಕೆಗೆ ಅಂಗಡಿಯ ಸಿದ್ಧ ಕಣ್ಣು ಹೊಂದುತ್ತಿರಲಿಲ್ಲ. ಉಳಿದ ಕಣ್ಣಿನ ಕಂದು ಬಣ್ಣದೊಳಗೆ ಗಸಗಸೆ ಕಾಳಿನಷ್ಟು ಹೊಂಬಣ್ಣದ ಚುಕ್ಕೆಯೊಂದಿತ್ತು. ಕೆಲಸ ಕಲಿಯುತ್ತಿದ್ದ ಅಣ್ಣ ಮನೆಗೆ ಬಂದಾಗಲೆಲ್ಲ ಆಕೆ ಬಾಗಿಲಲ್ಲೇ ಕೇಳುತ್ತಿದ್ದಳು: “ಅಣ್ಣಾ, ನಂದು ಯಾವಾಗ?” ಕೈ ಪಳಗುವ ಮೊದಲೇ ಆ ಹುಡುಗಿ ತೀರಿಕೊಂಡಳು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಅಂದಿನಿಂದ ಮೇಷ್ಟ್ರು ಪ್ರತಿ ಬೆಳಿಗ್ಗೆ, ಯಾರ ಕೆಲಸಕ್ಕೂ ಕೈ ಹಚ್ಚುವ ಮುನ್ನ, ನೆನಪಿನಿಂದ ಅವಳ ಕಣ್ಣನ್ನೊಮ್ಮೆ ಕಾಗದದ ಮೇಲೆ ಬಿಡಿಸಿ ಕೈ ಸಡಿಲಿಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ತಂಗಿ ಅವರೆದುರಿಗೆ ಇರುತ್ತಿದ್ದಳು.

ಹೀಗೇ ವರ್ಷಗಳು ಉರುಳಿದವು, ಹೆಸರೂ ಬಂತು. ಒಂದು ಮಧ್ಯಾಹ್ನ ಬ್ಯೂಟಿ ಪಾರ್ಲರಿನಾಕೆಯೊಬ್ಬರು ಬಂದು, ಮೇಷ್ಟ್ರು ಮಾಡಿಕೊಟ್ಟಿದ್ದ ಕಣ್ಣನ್ನು ತೆಗೆದು ಬಟ್ಟಲಿಗೆ ಹಾಕಿ ಕೂತರು. ದಿನವಿಡೀ ಕನ್ನಡಿಯೆದುರು ನಿಲ್ಲುವ ಕೆಲಸ ಅವರದು.

“ಚೆನ್ನಾಗೇ ಇದೆ ಮೇಷ್ಟ್ರೇ, ಯಾರಿಗೂ ಗೊತ್ತಾಗಲ್ಲ. ಆದ್ರೆ ನಾನು ಗಿರಾಕಿ ತಲೆ ನೋಡ್ತಿದ್ರೆ ಕನ್ನಡೀಲಿ ಇದು ನನ್ನನ್ನೇ ನೋಡ್ತಿರುತ್ತೆ. ಯಾರೋ ಸಣ್ಣ ಹುಡುಗಿ. ಏನೋ ಕೇಳೋಕೆ ಬಂದ ಹಾಗೆ.”

ಅಂದು ಪಾಲಿಶ್‌ಗೆಂದು ಬಂದಿದ್ದ ಹತ್ತಾರು ಕಣ್ಣುಗಳು ಮೇಜಿನ ಮೇಲಿನ ತಟ್ಟೆಯಲ್ಲಿದ್ದವು. ಮೇಷ್ಟ್ರು ಅವನ್ನು ಸಾಲಾಗಿಟ್ಟು ಭೂತಗನ್ನಡಿ ಹಿಡಿದರು. ಕಪ್ಪು, ಕಂದು, ಬೂದು, ಯಾವ ಬಣ್ಣವಾದರೂ ಸರಿ, ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಅದೇ ಹೊಂಬಣ್ಣದ ಚುಕ್ಕೆ. ಒಂದೊಂದಾಗಿ ಮಾಡಿದವರಿಗೆ ಅದು ಒಮ್ಮೆಯೂ ಕಂಡಿರಲಿಲ್ಲ. ತಟ್ಟೆಯನ್ನು ಯಾವ ಕಡೆ ತಿರುಗಿಸಿದರೂ ತಂಗಿ ಅವರನ್ನೇ ನೋಡುತ್ತಿದ್ದಳು.

ಕೈ ಪಳಗಿದ್ದೇ ಮುಳುವಾಗಿತ್ತು. ಬೆಳಿಗ್ಗೆ ಆ ಕಣ್ಣು ಬಿಡಿಸುವುದನ್ನು ಬಿಟ್ಟರೆ ತಂಗಿಯ ಮುಖ ಮರೆಯುತ್ತದೆ. ಬಿಡದಿದ್ದರೆ ಎದುರಿಗೆ ಕೂತವರು ತಮ್ಮ ಮುಖದಲ್ಲಿ ತಾವೇ ಇರಲಾರರು. ಮೇಷ್ಟ್ರು ಬಿಟ್ಟರು. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಎದುರಿಗಿರುವ ಜೀವಂತ ಕಣ್ಣನ್ನು ನೋಡದೆ ಒಂದು ಗೆರೆಯನ್ನೂ ಎಳೆಯಬಾರದೆಂಬ ನೇಮ ಹಿಡಿದು, ಮಾಡಿದ್ದನ್ನು ಕೆಡಿಸಿ, ಮತ್ತೆ ಮಾಡಿ, ಪಾರ್ಲರಿನಾಕೆಗೆ ಕೊನೆಗೊಂದು ಹೊಸ ಕಣ್ಣು ಕೊಟ್ಟರು. ಆಕೆ ಕನ್ನಡಿಯನ್ನು ಬಹಳ ಹೊತ್ತು ನೋಡಿ, “ಈಗ ನಾನೊಬ್ಳೇ ಇದೀನಿ” ಎಂದರು. ಆ ಸಂಜೆ ಮೇಷ್ಟ್ರಿಗೆ ತಂಗಿಯ ಮುಖ ನೆನಪಾಗಲಿಲ್ಲ. ಅವರು ಅತ್ತುಬಿಟ್ಟರು.

ಆಮೇಲೆ ಹಳೆಯ ರೋಗಿಗಳನ್ನೆಲ್ಲ ಕರೆಸಿ ಕಣ್ಣು ಬದಲಿಸಿಕೊಟ್ಟರು. ಒಪ್ಪದವರು ಒಬ್ಬರೇ, ಒಂಟಿಯಾಗಿರುವ ನಿವೃತ್ತ ಟಿಕೆಟ್ ಕಲೆಕ್ಟರು. “ಬೇಡಿ ಮೇಷ್ಟ್ರೇ. ಇವಳಿರೋದ್ರಿಂದ ಮನೆ ಖಾಲಿ ಅನ್ಸಲ್ಲ. ಇರ್ಲಿ ಬಿಡಿ.”

“ಇವಳು ಅಂತ ನಿಮಗ್ಯಾರು ಹೇಳಿದ್ರು?” ಮೇಷ್ಟ್ರು ಕೇಳಿದರು. ಅವರು ತಂಗಿಯ ಸಂಗತಿಯನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ; ನಮಗೆ ಹೇಳಿದ್ದೂ ಆಮೇಲೆಯೇ.

“ಯಾರು ಹೇಳ್ಬೇಕು? ಅವಳೇ ಕೇಳ್ತಿರ್ತಾಳಲ್ಲ, ಯಾವಾಗ, ಯಾವಾಗ ಅಂತ.”

ನಿವೃತ್ತಿಯ ನಂತರ ಮೇಷ್ಟ್ರು ಸುಮ್ಮನೆ ಕೂರುವುದಿಲ್ಲವೆಂಬುದು ನಮಗೆ ಗೊತ್ತು. ಮನೆಯ ಕಿಟಕಿಯ ಬಳಿ ಎರಡು ಕುರ್ಚಿ ಹಾಕಿಸಿದ್ದಾರೆ. ಒಂದರಲ್ಲಿ ಆ ಕಲೆಕ್ಟರು ಬಂದು ಕೂರುತ್ತಾರೆ. ನೋಡದೆ ಗೆರೆ ಎಳೆಯಬಾರದೆಂಬ ನೇಮ ಈಗಲೂ ಇದೆ; ಎದುರಿನ ಆ ಹಳೆಯ ಚುಕ್ಕೆಯನ್ನು ನೋಡುತ್ತ ಮೇಷ್ಟ್ರು ಒಂದು ಸಣ್ಣ ಕಣ್ಣನ್ನು, ಹುಡುಗಿಯ ಅಳತೆಗೆ, ಬಿಡಿಸುತ್ತಿದ್ದಾರೆ. ಅದು ಮುಗಿಯುವವರೆಗೂ ಅವರ ಕೈ ನಡುಗದಿರಲಿ, ದೃಷ್ಟಿ ಮಂಜಾಗದಿರಲಿ, ಆಯಸ್ಸು ಗಟ್ಟಿಯಾಗಿರಲಿ. ಬಾಗಿಲಲ್ಲಿ ನಿಂತವಳು ಬಹಳ ದಿನ ಕಾದಿದ್ದಾಳೆ.