ಗ್ಲಿಪ್ಟೊಡಾನ್ ಜೊತೆ ಬ್ಯಾಡಗಿಗೆ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ರಾಣೆಬೆನ್ನೂರಿನಲ್ಲಿ ಹತ್ತನೇ ಇಯತ್ತೆ ಓದುವಾಗ, ವಿಜ್ಞಾನ ಪ್ರದರ್ಶನದಲ್ಲಿ ನದಾಫ ಸರ್ ಮಾಡಿಸಿದ್ದ, ಗ್ಲಿಪ್ಟೊಡಾನ್ ಎಂಬ ನಿರ್ನಾಮವಾದ ಪ್ರಾಣಿಯ ಮಾದರಿಯ ಮುಂದೆ ನಿಂತು ವಿವರಿಸುವ ಕೆಲಸ ನನಗೆ ಬಂದಿತ್ತು. ಓದಿರಲಿಲ್ಲ. ಓದದ್ದನ್ನು ಮುಚ್ಚಿಕೊಳ್ಳಲು ಸರ್ ಅವರ ದನಿಯನ್ನೇ ತೆಗೆದೆ: ಮೂಗಿನಲ್ಲಿ ಸಣ್ಣಗೆ ಶುರುವಾಗಿ, ಪ್ರತಿ ವಾಕ್ಯದ ತುದಿಗೆ ‘ಹೌದಲ್ರೀ?’ ಎಂದು ಏರುವ ದನಿ. ಅದೇ ದನಿಯಲ್ಲಿ ತೀರ್ಪುಗಾರರಿಗೆ, ಇದು ನಮ್ಮ ಕಾಡಿನ ಚಿಪ್ಪುಹಂದಿಯ ಮುತ್ತಜ್ಜ ಎಂದೆ. ಹುಡುಗರು ನಕ್ಕರು. ತೀರ್ಪುಗಾರರು ನಗದೆ ಬರೆದುಕೊಂಡರು. ಮಾಸ್ತರರೇ ತಪ್ಪು ಕಲಿಸಿದ್ದಾರೆಂದು ಮಾದರಿಯನ್ನು ಜಿಲ್ಲಾ ಮಟ್ಟಕ್ಕೆ ಕಳಿಸಲಿಲ್ಲ. ಸರ್ ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಅವರು ನಿವೃತ್ತರಾಗಿ ಬ್ಯಾಡಗಿಗೆ ಹೋದರು.

ನಾನೀಗ ಹಾವೇರಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಮದುವೆ, ಮುಂಜಿ, ಬೀಳ್ಕೊಡುಗೆಗಳಲ್ಲಿ ಮಿಮಿಕ್ರಿ. ಕಂಡಕ್ಟರ್, ಸ್ವಾಮಿಗಳು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ನದಾಫ ಸರ್ ಅವರನ್ನು ಮಾತ್ರ ಅಂದಿನಿಂದ ಮಾಡಿಲ್ಲ.

ಕಳೆದ ಜನವರಿಯಲ್ಲಿ ಹಳೆಯ ಸಹಪಾಠಿ ಮಂಜ್ಯಾ ಫೋನ್ ಮಾಡಿದ. ರಾಣೆಬೆನ್ನೂರಿನಲ್ಲಿ ಅವನದೊಂದು ಗೂಡ್ಸ್ ಟೆಂಪೊ ಇದೆ. ಶಾಲೆಯ ಸಾಮಾನಿನ ಖೋಲಿ ಖಾಲಿ ಮಾಡಿಸುತ್ತಿದ್ದಾರೆ, ಸಂಜೆಯೊಳಗೆ ಯಾರೂ ಒಯ್ಯದಿದ್ದರೆ ನಮ್ಮ ಪ್ರಾಣಿ ಗುಜರಿಗೆ ಎಂದ. ಅಂಗಡಿಯ ಶಟರ್ ಎಳೆದು ಬಸ್ ಹಿಡಿದೆ. ಹೆಣ್ಣುಮಕ್ಕಳಿಗೆ ಉಚಿತವಾದ ಬಸ್ಸಿನಲ್ಲಿ ಟಿಕೆಟ್ ತೆಗೆದ ಏಳೆಂಟು ಗಂಡಸರಲ್ಲಿ ನಾನೊಬ್ಬ. ಸೀಟು ಸಿಗದ ಗಂಡಸರಲ್ಲೂ ನಾನೊಬ್ಬ. ಮೂವತ್ತು ಚಿಲ್ಲರೆ ಕಿಲೋಮೀಟರು ನಿಂತೇ ಹೋದೆ.

ಖೋಲಿಯಲ್ಲಿ ಮುರಿದ ಬೆಂಚುಗಳ ಹಿಂದೆ ಅದು ಕೂತಿತ್ತು. ಒಳಗೆ ಬಿದಿರಿನ ದೊಡ್ಡ ಹೆಡಗಿ, ಮೇಲೆ ಪ್ಲಾಸ್ಟರು, ಅದರ ಮೇಲೆ ಸಾಲುಸಾಲಾಗಿ ಸೋಡಾ ಬಾಟಲಿಯ ಮುಚ್ಚಳಗಳು. ನಿಜವಾದ ಪ್ರಾಣಿಗೆ ಸಾವಿರಕ್ಕೂ ಮಿಕ್ಕಿ ಎಲುಬಿನ ಬಿಲ್ಲೆಗಳ ಕವಚವಿತ್ತೆಂದು ಸರ್ ಹೇಳಿದ್ದರು. ಆ ಬೇಸಿಗೆಯಿಡೀ ನಾವು ಊರಿನ ಪಾನ್ ಅಂಗಡಿಗಳ ಮುಂದೆ ಬಗ್ಗಿಕೊಂಡೇ ನಡೆದಿದ್ದೆವು. ಕೊರಳಲ್ಲಿ, ಪ್ರದರ್ಶನದ ಬೆಳಿಗ್ಗೆ ಸರ್‌ಗೆ ತೋರಿಸದೆ ನಾನು ಬಣ್ಣದಲ್ಲಿ ಬರೆದ ‘ಚಿಪ್ಪುಹಂದಿಯ ಮುತ್ತಜ್ಜ’ ಫಲಕ ಇನ್ನೂ ನೇತಾಡುತ್ತಿತ್ತು. ಮಂಜ್ಯಾ ಅದನ್ನು ಓದಿ ನನ್ನ ಕಡೆ ನೋಡಿದ. ಟೆಂಪೊಗೆ ಏರಿಸುತ್ತ, ಬ್ಯಾಡಗಿಗೆ ಒಯ್ದರೆ ಸರ್ ಇದನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರಾ ಎಂದು ಕೇಳಿದೆ. ಪ್ರಾಣೀನ ಬಿಟ್ಕೋತಾರ, ನಿಂದು ಗ್ಯಾರಂಟಿ ಇಲ್ಲ ಎಂದ.

ದಾರಿಯ ಕದರಮಂಡಲಗಿಯಲ್ಲಿ ಮಿರ್ಚಿ, ಗಿರ್ಮಿಟ್ಟು, ಚಹಾ. ಆಂಜನೇಯನಿಗೆ ಕೈಮುಗಿದು ಬಂದ ಅಜ್ಜನೊಬ್ಬ ಟೆಂಪೊ ಸುತ್ತು ಹಾಕಿ, ಇದು ಎಂಥಾ ಆಮೆ ಎಂದು ವಿಚಾರಿಸಿದ. ಆಮೆಯಲ್ಲ, ಹಾಲು ಕುಡಿಸಿ ಮರಿ ಸಾಕುತ್ತಿದ್ದ ಪ್ರಾಣಿ, ಸಣ್ಣ ಕಾರಿನಷ್ಟು ದೊಡ್ಡದು, ದಕ್ಷಿಣ ಅಮೆರಿಕದಲ್ಲಿತ್ತು, ಹತ್ತು ಸಾವಿರ ವರ್ಷಗಳ ಹಿಂದೆ ನಿರ್ನಾಮವಾಯಿತು ಎಂದು ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಅದು ಎಷ್ಟು ಸಪ್ಪೆಯಾಗಿತ್ತೆಂದರೆ ಅಜ್ಜ ಅರ್ಧಕ್ಕೇ ಹೊರಟುಹೋದ.

ಬ್ಯಾಡಗಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವ ಊರು. ಮೆಣಸಿನಕಾಯಿ ಸುಗ್ಗಿ ಬೇರೆ. ಟೆಂಪೊ ಇಳಿಯುವಷ್ಟರಲ್ಲಿ ಆರು ಸಲ ಸೀನಿದ್ದೆ. ಸರ್ ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿ, ನಾವೆಲ್ಲ ಚಾಚಿ ಎನ್ನುವವರು, ಕೆಂಪು ರಾಶಿಯ ಮುಂದೆ ಕೂತು ಕಾಯಿ ಆರಿಸುತ್ತಿದ್ದರು. ಸರ್ ಹೊರಗೆ ಬಂದರು. ತೆಳ್ಳಗಾಗಿದ್ದರು. ನೇರ ಟೆಂಪೊದ ಹತ್ತಿರ ಹೋಗಿ ಮುಚ್ಚಳಗಳ ಮೇಲೆ ಮೆಲ್ಲಗೆ ಕೈ ಆಡಿಸಿದರು. ಆಮೇಲೆ ಫಲಕ ಓದಿದರು.

“ನಾನs ಬರದಿದ್ದು, ಸರ್. ಹೇಳಿದ್ದೂ ನಾನs. ತಪ್ಪಾತು.”

ಅವರು ರಾಶಿಯಿಂದ ಎರಡು ಕಾಯಿ ಎತ್ತಿ ನನ್ನ ಅಂಗೈಯಲ್ಲಿಟ್ಟು, ಮುರಿದು ನಾಲಿಗೆಗೆ ಇಟ್ಟುಕೊಳ್ಳಲು ಹೇಳಿದರು. ಎರಡೂ ಕೆಂಪು, ಎರಡೂ ಸುಕ್ಕು. ಒಂದು ಊರಿನ ತಳಿ, ಅದು ಸುಮ್ಮನಿತ್ತು. ಇನ್ನೊಂದು ಹೈಬ್ರಿಡ್, ಅದು ನನ್ನ ಕಣ್ಣಲ್ಲಿ ನೀರು ತರಿಸಿತು. ಚಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ನೀರು ತಂದುಕೊಟ್ಟರು.

“ಮ್ಯಾಲಿನ ಅಂಗಿ ನೋಡಿ ಬಳಗ ಹೇಳಬಾರದು,” ಎಂದರು ಸರ್. “ಚಿಪ್ಪುಹಂದಿ ಚಿಪ್ಪು ನಮ್ಮ ಉಗುರಿನಂಥಾದ್ದು. ಇದರದು ಎಲುಬು. ಚಿಪ್ಪುಹಂದಿಗೆ ಬೆಕ್ಕು, ನಾಯಿ ಹತ್ತಿರದ ಬಳಗ. ಇದಕ್ಕ ಆರ್ಮಡಿಲ್ಲೊ.”

ಆರ್ಮಡಿಲ್ಲೊ ಎಂದರೆ ಅದೇ ಅಮೆರಿಕದ ಕಡೆ ಇಂದಿಗೂ ಇರುವ, ಎಲುಬಿನ ಕವಚದ ಸಣ್ಣ ಪ್ರಾಣಿ. ಚಾಚಿ ಎರಡು ಚೀಲ ಸರಿಸಿ ಪಡಸಾಲೆಯಲ್ಲಿ ಜಾಗ ಮಾಡಿದರು. ನಾನು, ಮಂಜ್ಯಾ ಸೇರಿ ಹೊತ್ತು ಒಳಗಿಟ್ಟೆವು. ಸರ್ ಟ್ರಂಕಿನಿಂದ ಪ್ರಾಣಿಗಳ ವಂಶವೃಕ್ಷದ ಹಳೆಯ ಹಾಳೆ ತೆಗೆದರು. ಅದೇ ಅಕ್ಷರ, ಅದೇ ಹಸಿರು ಶಾಯಿ. ನನಗೆ ಒಮ್ಮೆಲೇ ಆ ತರಗತಿಯ ಸುಣ್ಣದ ವಾಸನೆ ಬಂದಂತಾಯಿತು. ಅದರಲ್ಲಿ ಗ್ಲಿಪ್ಟೊಡಾನ್ ಆರ್ಮಡಿಲ್ಲೊಗಳ ಪಕ್ಕದಲ್ಲಿ ಬೇರೆಯೇ ಕುಟುಂಬವಾಗಿ ನಿಂತಿತ್ತು. ಸರ್ ಆ ಗೆರೆಯನ್ನು ರಬ್ಬರಿನಿಂದ ಉಜ್ಜತೊಡಗಿದರು; ಶಾಯಿ ಹೋಗದೆ ಕಾಗದವೇ ಹರಿಯಿತು. ಆಮೇಲಾಮೇಲೆ ವಿಜ್ಞಾನಿಗಳು ಹಳೆಯ ಕವಚದ ಚೂರಿನಿಂದ ಡಿಎನ್‌ಎ ತೆಗೆದು ನೋಡಿದ್ದಾರಂತೆ. ಇದು ಪಕ್ಕದ ಕುಟುಂಬವಲ್ಲ, ಆರ್ಮಡಿಲ್ಲೊ ಮನೆತನದೊಳಗೇ ಹುಟ್ಟಿದ್ದು. ಸಣ್ಣದಾಗಿ ಶುರುವಾಗಿ ಕೋಟ್ಯಂತರ ವರ್ಷಗಳಲ್ಲಿ ಆ ಗಾತ್ರಕ್ಕೆ ಬೆಳೆದದ್ದು. ತಾವು ಅಷ್ಟು ವರ್ಷ ಅದನ್ನು ಪಕ್ಕದ ಕುಟುಂಬದಲ್ಲಿಟ್ಟು ಪಾಠ ಮಾಡಿದ್ದಾಗಿ ಸರ್ ಹೇಳುವಾಗ ದನಿಯಲ್ಲಿ ಬೇಸರಕ್ಕಿಂತ ಖುಷಿಯೇ ಹೆಚ್ಚಿತ್ತು.

ಹಳೆಯ ಫಲಕ ತಿರುವಿ ಬ್ರಷ್ಷನ್ನು ನನ್ನ ಕೈಗೇ ಕೊಟ್ಟರು. ‘ಗ್ಲಿಪ್ಟೊಡಾನ್, ಆರ್ಮಡಿಲ್ಲೊ ಮನೆತನ’ ಎಂದು ಬರೆದೆ. ಬರೆದು ಮುಗಿಸಿದ ಮೇಲೆ ಧೈರ್ಯ ಬಂತು, ಧೈರ್ಯದ ಹಿಂದೆ ನನ್ನ ಹಳೆಯ ಚಟವೂ ಬಂತು.

“ಅಂದ್ರ ಸರ್, ನಿಮ್ದೂ ತಪ್ಪು, ನನ್ದೂ ತಪ್ಪು. ಇಬ್ಬರದೂ ಸಮ ಆತಲ್ಲ?”

ಕಾಯಿ ಆರಿಸುತ್ತಿದ್ದ ಚಾಚಿಯ ಕೈ ನಿಂತಿತು. ಮಂಜ್ಯಾ ಟೆಂಪೊದ ಕಡೆ ನಡೆದ. ಸರ್ ಚಾಳೀಸು ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

“ನಾ ಓಣಿ ಸರಿ ಹಿಡದು ಬಾಜೂ ಮನಿ ಕದಾ ಬಡದೆ. ನೀ ಊರs ತಪ್ಪಿದಿ, ತಮ್ಮಾ.”