ಸಿಹಿನೀರಿನ ಮನೆ

ಇಬ್ರಾಹಿಂಪುರದಲ್ಲಿ ಮನೆ ಕೊಡಿಸುವ ದಲಾಲರೊಬ್ಬರಿದ್ದರು. ಕೊಳ್ಳಲು ಬಂದವರು ಗೋಡೆ ತಟ್ಟಿ ನೋಡುತ್ತಿದ್ದರೆ, ಇವರು ನೇರ ಹಿತ್ತಲಿಗೆ ಹೋಗಿ ಬಾವಿಯ ನೀರು ಸೇದಿ, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗುತ್ತಿದ್ದರು. “ಬಾಡಿಗಿ ಗ್ವಾಡಿಗೆ ಬರೂದಿಲ್ರಿ, ನೀರಿಗೆ ಬರ್ತೈತಿ” ಎನ್ನುತ್ತಿದ್ದರು. ಭೂತನಾಳ ಕೆರೆಯ ನಳ ಆಗಿನ್ನೂ ನಮ್ಮ ಓಣಿಗೆ ಬಂದಿರಲಿಲ್ಲ, ಹೆಚ್ಚಿನ ಬಾವಿಗಳ ನೀರು ಸವುಳು, ಬಾಯಿಗಿಟ್ಟರೆ ಉಪ್ಪುಪ್ಪು.

ಅರವತ್ತರ ದಶಕದಲ್ಲಿ ಅವರು ಮೊದಲ ಸಲ ತಮಗಾಗಿ ಒಂದು ಮನೆ ನೋಡಲು ಬಂದರು. ಅದು ನಮ್ಮ ಪಕ್ಕದ್ದು. ಮೂರು ಖೋಲಿಗಳನ್ನು ರೈಲ್ವೆ ನೌಕರರಿಗೆ ಬಾಡಿಗೆಗೆ ಕೊಡುವ ಯೋಚನೆ. ನೀರು ಕುಡಿದು ಕಣ್ಣರಳಿಸಿ, ಗೋಡೆಯಾಚೆ ನಿಂತಿದ್ದ ನನ್ನನ್ನು ಕೇಳಿದರು: “ಮಾಸ್ತರ್ರ, ಬ್ಯಾಸಗ್ಯಾಗೂ ಹಿಂಗ ಸಿಹಿ ಇರ್ತೈತೇನ್ರಿ?”

“ಇರ್ತೈತ್ರಿ” ಎಂದೆ.

ಹಿಂದಿನ ವರ್ಷ ಆ ಮನೆಯ ಸೊಸೆ ಅದೇ ಬಾವಿಗೆ ಬಿದ್ದು ಸತ್ತಿದ್ದಳು. ಅದನ್ನು ಹೇಳಲಿಲ್ಲ. “ಕೂಡೂ ಸಂಬಂಧಕ್ಕ, ಮಾರೂ ಮನಿಗೆ ಕಲ್ಲ ಹಾಕಬಾರ್ದು” ಎಂದು ಅವ್ವ ಮೊದಲೇ ತಾಕೀತು ಮಾಡಿದ್ದಳು. ಓಣಿಯೆಲ್ಲ ಹಾಗೇ ಬಾಯಿ ಮುಚ್ಚಿಕೊಂಡಿತ್ತು. ದಲಾಲರು ಮನೆ ಕೊಂಡರು.

ಬಾಡಿಗೆಗೆ ಬಂದವರ ವಿಷಯದಲ್ಲಿ ಆ ಕಟ್ಟಳೆ ಇರಲಿಲ್ಲ. ಓಣಿಯ ಹೆಂಗಸರು ಮೊದಲ ದಿನವೇ ಎಲ್ಲ ಹೇಳಿಬಿಡುತ್ತಿದ್ದರು. ಎರಡು ಸಂಸಾರ ಬಂದವು, ವಾರದೊಳಗೆ ಹೋದವು. ಮೂರನೆಯದು ಬರಲಿಲ್ಲ. ಕೊನೆಗೆ ದಲಾಲರು ತಾವೇ ಬಂದು ಅಲ್ಲಿ ಒಬ್ಬರೇ ಇರತೊಡಗಿದರು.

ಒಂದು ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿ ತಂಬಿಗೆ ಮುಂದಿಟ್ಟರು. “ಕುಡೀರಿ ಮಾಸ್ತರ್ರ. ನೀವು ಹೇಳಿದಂಗ, ಬ್ಯಾಸಗ್ಯಾಗೂ ಸಿಹಿ ಐತಿ.”

ನೀರಡಿಕೆ ಇಲ್ಲವೆಂದೆ.

ತಂಬಿಗೆಯನ್ನು ಅವರೇ ಎತ್ತಿದರು. ಎಂದಿನಂತೆ ನೀರನ್ನು ಬಾಯಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಬರುವವರೆಗೂ ನುಂಗಲಿಲ್ಲ.